ಅತ್ತೆಯವರಿಗೆ ನಾನು ತೋರಿಸಿದ ಬೆಟ್ಟ

ದೇವರು ನನಗೆ ಕೇಳಿದ್ದನ್ನೆಲ್ಲ ಕೊಟ್ಟಿದ್ದಾನೆ. ಕಾರು ಓಡಿಸುವ ಧೈರ್ಯವೊಂದನ್ನು ನಾನೂ ಕೇಳಲಿಲ್ಲ, ಅವನೂ ಕೊಡಲಿಲ್ಲ. ಡೆಟ್ರಾಯಿಟ್ ಕಡೆ ಕಾರಿಲ್ಲದವಳು ಕಾಲಿಲ್ಲದವಳಿದ್ದಂತೆ ಎಂದು ನಮ್ಮ ಯಜಮಾನರು ಹೇಳುತ್ತಿರುತ್ತಾರೆ. ಕಾರಿನ ಕಾರ್ಖಾನೆಯ ಇಂಜಿನಿಯರು, ಇನ್ನೇನು ಹೇಳಿಯಾರು? ಆದರೆ ಬಸ್ಸೆಂಬುದೊಂದು ಈ ದೇಶದಲ್ಲೂ ಇದೆ, ಅದರಲ್ಲಿ ಕಿಟಕಿ ಪಕ್ಕದ ಸೀಟು ಯಾವಾಗಲೂ ಖಾಲಿಯಿರುತ್ತದೆ. ಇದೇನು ಸಣ್ಣ ಕೃಪೆಯೇ?

ಇಲ್ಲಿ ಗ್ಯಾಸ್ ಎನ್ನುವ ಪೆಟ್ರೋಲಿನ ಬೆಲೆ ಏರಿ, ಕಾರು ಆಫೀಸಿಗೆ ಮಾತ್ರ ಎಂದಾಗಿದ್ದ ಕಾಲ. ಮೈಸೂರಿನಿಂದ ಬಂದಿದ್ದ ಅತ್ತೆಯವರು ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿ ನೋಡಿ ಬೇಸತ್ತು, "ಏನೇ, ಕೈಮುಗಿಯೋಕೆ ಒಂದು ಬೆಟ್ಟಾನೂ ಇಲ್ವೇನೇ ಇಲ್ಲಿ?" ಎಂದರು.

"ಇದೆ ಅತ್ತೆ, ನಾಳೆ ನಾನೇ ತೋರಿಸ್ತೀನಿ" ಅಂದುಬಿಟ್ಟೆ.

ಯಜಮಾನರು ಪೇಪರ್ ಇಳಿಸಿದರು. "ಈ ಚಪ್ಪಟೆ ಮಿಶಿಗನ್ನಲ್ಲಿ ಬೆಟ್ಟ? ಅದೂ ಬಸ್ಸಲ್ಲಿ? ದಾರಿ ತಪ್ಪಿದ್ರೆ ಫೋನ್ ಮಾಡಮ್ಮ, ಬಂದು ಕರ್ಕೊಂಡ್ ಬರ್ತೀನಿ."

ಆ ಫೋನು ಮಾಡಿದರೆ ನನ್ನ ಮಾನ ಹೋದಂತೆ. ಕುಲದೇವರಿಗೆ ತುಪ್ಪದ ದೀಪ ಹರಸಿಕೊಂಡು, ಬೆಳಗ್ಗೆ ಪುಳಿಯೋಗರೆ ಕಟ್ಟಿಕೊಂಡು, ಅತ್ತೆಯವರೊಂದಿಗೆ ಊರಾಚೆ ಹೋಗುವ ಬಸ್ಸು ಹತ್ತಿದೆ. ಊರು ದಾಟಿದ್ದೇ ತಡ, ಒಂದರ ಹಿಂದೊಂದು ಕೆರೆಗಳು. ದಡದ ಮೇಪಲ್ ಮರಗಳು ಮೈತುಂಬ ಅರಿಶಿನ ಕುಂಕುಮ ಬಳಿದುಕೊಂಡು ನಿಂತಿದ್ದವು. ಅತ್ತೆಯವರು ಪ್ರತಿ ಕೆರೆಗೂ "ತಾಯೀ ಕಾವೇರಿ" ಎಂದು ಕೈಮುಗಿದರು. ಕೊನೆಗೆ ಬಯಲಿನ ನಡುವೆ ಎದ್ದೇ ಎದ್ದಿತು, ಹಸಿರು ಹುಲ್ಲು ಹೊದ್ದ ಬೆಟ್ಟ! ನಾನೇ ಬೆರಗಾಗಿ, ಬಸ್ಸು ನಿಲ್ಲಿಸಲು ಕಿಟಕಿಯ ಮೇಲಿನ ಹಗ್ಗ ಎಳೆದೆ. ಅತ್ತೆಯವರು ಶೂ ಬಿಚ್ಚಿಟ್ಟು, ಬುಡದ ಕಲ್ಲಿಗೆ ಕುಂಕುಮವಿಟ್ಟು, ಕರ್ಪೂರ ಹಚ್ಚಿ, "ಅಮ್ಮ ಇಲ್ಲೂ ಇದಾಳೆ ಕಣೇ" ಎಂದು ಕಣ್ಣೊರೆಸಿಕೊಂಡರು.

ಹೊತ್ತು ಮುಳುಗುವ ಮುನ್ನವೇ ಮನೆ ಸೇರಿದೆವು. ಊಟಕ್ಕೆ ಕೂತಾಗ ಅತ್ತೆಯವರು ಮಗನಿಗೆ, "ನಿನ್ನ ಕಾರಲ್ಲಿ ನಾನು ನೋಡಿದ್ದು ಬರೀ ಅಂಗಡಿ ಕಣೋ. ಬೆಟ್ಟ ತೋರಿಸಿದ್ದು ನನ್ನ ಸೊಸೆ" ಎಂದರು. ಇಪ್ಪತ್ತು ಡ್ರೈವಿಂಗ್ ಲೈಸೆನ್ಸ್ ಕೊಟ್ಟರೂ ನಾನು ಆ ಮಾತನ್ನು ಬಿಟ್ಟುಕೊಡುವವಳಲ್ಲ.

ಯಾವ ಕಡೆಯ ಬೆಟ್ಟವೆಂದು ಕೇಳಿ ತಿಳಿದ ಯಜಮಾನರು ಅಡುಗೆಮನೆಗೆ ನನ್ನ ಹಿಂದೆಯೇ ಬಂದು, ನಗು ತಡೆಯುತ್ತ ಪಿಸುಗುಟ್ಟಿದರು. "ಮಾರಾಯ್ತಿ, ಅದು ಕಸದ ರಾಶಿ ಕಣೇ! ಸುತ್ತಲಿನ ಊರುಗಳ ಕಸ ಸುರಿದು ಮೇಲೆ ಮಣ್ಣು ಮುಚ್ಚಿದಾರೆ, ಹಿಮ ಬಿದ್ದಾಗ ಜಾರಿ ಆಡೋಕೆ. ಆಚೆ ಬದಿ ಇನ್ನೂ ಸುರೀತಾನೇ ಇದಾರೆ. ಅಮ್ಮಂಗೆ ಹೇಳ್ಲಾ?"

"ಹೇಳಿ. ನಾಳೆಯಿಂದ ಸಾರೂ ನೀವೇ ಮಾಡ್ಕೊಳ್ಳಿ."

ಅವರು ಹೇಳಲಿಲ್ಲ. ಹೇಳಿದವರು ಅತ್ತೆಯವರು, ಬೆಟ್ಟದ ಮಹಿಮೆಯನ್ನು, ಸುತ್ತಲಿನ ಕನ್ನಡದ ಮನೆಗಳಿಗೆಲ್ಲ. ಈಗ ಊರಿಂದ ಯಾರ ತಾಯಿ ಬಂದರೂ "ಆಂಟಿ, ನಮ್ಮಮ್ಮಂಗೂ ಆ ಬೆಟ್ಟ ತೋರಿಸ್ತೀರಾ?" ಎಂದು ಫೋನು ಬರುತ್ತದೆ. ಕರೆದೊಯ್ಯುತ್ತೇನೆ, ನಾನೂ ಮನಸಾರೆ ಕೈಮುಗಿಯುತ್ತೇನೆ. ಇಷ್ಟು ವರ್ಷ ನಾನು ವಾರವಾರ ಹೊರಗಿಟ್ಟ ಕಸದ ಚೀಲಗಳೂ ಅದರಲ್ಲಿ ಸೇರಿರಲೇಬೇಕಲ್ಲ? ದೇವಸ್ಥಾನ ಕಟ್ಟಿಸಿದ ಪುಣ್ಯವಂತರು ಬೇಕಾದಷ್ಟಿದ್ದಾರೆ. ಬೆಟ್ಟವನ್ನೇ ಕಟ್ಟಿಸಿದವಳು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬಳೇ.