ಏಳು ಅಡಿ ಎರಡು ಇಂಚು

ನಾನು ನಿಂತಿದ್ದದ್ದು ಗ್ಯಾರೇಜಿನ ಬಾಗಿಲಿನಿಂದ ಎಡಕ್ಕೆ ಆರು ಅಡಿ ದೂರದಲ್ಲಿ, ಗಿಡಗಳಿಗೆ ನೀರು ಬಿಡುವ ನಲ್ಲಿಯ ಪಕ್ಕ. ಊರು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್, ನನ್ನ ಅಕ್ಕನ ಮನೆ. ೨೦೦೩ರ ವಿಜಯದಶಮಿ, ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬಿಸಿಲು ನನ್ನ ಬೆನ್ನಿಗಿತ್ತು. ಆದ್ದರಿಂದ ಸರಿಯಾಗಿ ಕಾಣಲಿಲ್ಲ ಎಂಬ ನೆಪ ನನಗಿಲ್ಲ.

ಹೀಗೆ ಅಡಿ, ನಿಮಿಷ ಹಿಡಿದು ಹೇಳುವುದನ್ನು ನನಗೆ ಕಲಿಸಿದವರು ನಮ್ಮ ಭಾವ. ಭಾವನಿಗೆ ಎರಡು ಸಂಸಾರ! ಗಾಬರಿಯಾಗಬೇಡಿ, ಅಕ್ಕನಿಗೆ ಮೊದಲಿನಿಂದಲೂ ಗೊತ್ತಿತ್ತು. ಒಂದು ಸಂಸಾರದಲ್ಲಿ ಅಕ್ಕ ಮತ್ತು ಮಗಳು ಮೇಘನಾ. ಇನ್ನೊಂದರಲ್ಲಿ, ಭಾವ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಬಾಗಿಲು ಹಾಕಿದ್ದ ಒಂದು ಅಮೆರಿಕದ ಕಾರು ಕಂಪನಿ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ‘ಕೇಳಿಯೇ ಇಲ್ಲವಲ್ಲ’ ಅನ್ನುತ್ತೀರಿ. ಆ ಮಾತು ಕೇಳಿದಾಗಲೆಲ್ಲ ಭಾವನ ಮುಖ ಹೇಗಾಗುತ್ತಿತ್ತು ಎಂದು ನನಗೆ ಗೊತ್ತು.

ಭಾವ ಬಾಹ್ಯಾಕಾಶದ ಕೆಲಸದ ಎಂಜಿನಿಯರ್. ಹಗಲೆಲ್ಲ ಭೂಮಿಯನ್ನೇ ಬಿಟ್ಟು ಹೋಗುವ ವಾಹನಗಳ ಲೆಕ್ಕ. ಸಂಜೆ, ಮನೆಯ ಮುಂದಿನ ಡ್ರೈವ್‌ವೇ ಬಿಟ್ಟು ಕದಲದ ವಾಹನದ ಚಿಂತೆ. ಆ ಕಂಪನಿಯನ್ನು ಕಟ್ಟಿದವನು ಉತ್ತರದ ಒಂದು ಸಣ್ಣ ಊರಿನ ಬಡಗಿ. ಕುದುರೆಗಾಡಿ ಮಾಡುತ್ತಿದ್ದವನು ಕಾರಿಗೆ ಕೈ ಹಾಕಿದ. ಬೇರೆ ಕಾರ್ಖಾನೆಗಳು ದೋಸೆ ಹುಯ್ದ ಹಾಗೆ ಕಾರು ಹುಯ್ಯುತ್ತಿದ್ದಾಗ, ಇವನು ಮರದ ಮೈಗೆ ವಾರ್ನಿಷ್ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿಯುತ್ತಿದ್ದನಂತೆ. ಮಾರಿದ ಮೇಲೆ ವರ್ಷಕ್ಕೊಮ್ಮೆ ಕೊಂಡವರ ಮನೆಗೇ ಹೋಗಿ ಗಾಡಿ ಹೇಗಿದೆ ಎಂದು ನೋಡಿ ಬರುತ್ತಿದ್ದನಂತೆ, ಮಗಳನ್ನು ಕೊಟ್ಟ ಮನೆಗೆ ಹೋಗಿ ಬಂದ ಹಾಗೆ! ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಕಾರುಗಳು ಬಂದಾಗ ಅವನು ಒಪ್ಪಲಿಲ್ಲ. ಗಾಡಿಯ ಮುಂದೆ ಬಾಗಿ, ಹ್ಯಾಂಡಲ್ ಹಾಕಿ ತಿರುಗಿಸಿದವನಿಗೇ ಗಾಡಿಯ ಬೆಲೆ ತಿಳಿಯುವುದು ಎಂದು ಹಟ ಹಿಡಿದ. ಕೆಲವೇ ವರ್ಷಗಳಲ್ಲಿ ಕಂಪನಿ ಮುಚ್ಚಿತು.

“ಎಂಥಾ ತತ್ವ ನೋಡಯ್ಯಾ!” ಎಂದು ಭಾವ ಕಣ್ಣರಳಿಸುವರು.

“ಹೆಂಗಸರ ಕೈಲಿ ಸ್ಟಾರ್ಟ್ ಮಾಡೋಕಾಗ್ದೇ ಇರೋ ಕಾರು ಮಾಡಿದ್ರೆ ಮುಚ್ಚದೆ ಇನ್ನೇನಾಗತ್ತೆ?” ಎಂದು ಅಕ್ಕ ಒಳಗಿನಿಂದ ಒಗ್ಗರಣೆ ಹಾಕುವಳು.

ಡಲ್ಲಾಸಿನ ಕನ್ನಡಿಗರ ಒಂದು ಸಮಾರಂಭದಲ್ಲಿ ಭಾವನಿಗೆ ಮಾತಾಡಲು ಐದು ನಿಮಿಷ ಕೊಟ್ಟರು. ಕೊಟ್ಟ ವಿಷಯ ಕನ್ನಡದ ಹಿರಿಮೆ. ಎರಡನೆಯ ನಿಮಿಷಕ್ಕೆ ಬಡಗಿ ಬಂದ. ಇಪ್ಪತ್ತನೆಯ ನಿಮಿಷಕ್ಕೆ ಕಾರ್ಯದರ್ಶಿ ಮೈಕ್ ಆಫ್ ಮಾಡಿದರು. ಭಾವ ಇನ್ನೂ ಜೋರಾಗಿ ಮುಂದುವರಿಸಿದರು! ಊಟಕ್ಕೆ ಸಾಲು ನಿಂತವರ ಪಕ್ಕದಲ್ಲೇ ನಡೆಯುತ್ತಾ, ಬಿಸಿಬೇಳೆ ಬಾತಿನ ಪಾತ್ರೆಯ ಬಳಿ ಉಪಸಂಹಾರ ಮಾಡಿದರು.

ಆ ಬಡಗಿಗೆ ಮಕ್ಕಳಿರಲಿಲ್ಲ. ಇದು ತಿಳಿದ ವರ್ಷ ಮಹಾಲಯ ಅಮಾವಾಸ್ಯೆಯ ದಿನ ಭಾವ ತಮ್ಮ ಪಿತೃಗಳ ಸಾಲಿನ ಕೊನೆಗೆ ಅವನ ಹೆಸರನ್ನೂ ಸೇರಿಸಿದರು. ಪುರೋಹಿತರು ಗೋತ್ರ ಕೇಳಿದರು.

“ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತಾರಲ್ಲ?”

“ಅದು ಸರಿ. ಯಾರು ಇವರು?”

“ಕಾರು ಮಾಡೋರು.”

ಪುರೋಹಿತರು ಎಳ್ಳು ಹಿಡಿದ ಕೈ ಹಾಗೇ ನಿಲ್ಲಿಸಿ ಕೇಳಿದರು: “ಹಾಗಾದ್ರೆ ನೀರು ಬಿಡ್ಲೋ, ಆಯಿಲ್ ಬಿಡ್ಲೋ?”

ಆ ಕಂಪನಿಯ ಒಂದು ಗಾಡಿ ಭಾವನಿಗೆ ಸಿಕ್ಕಿದ್ದು ೧೯೯೮ರಲ್ಲಿ. ನಾನಾಗ ಆಸ್ಟಿನ್ನಿನಲ್ಲಿ ಕೆಲಸಕ್ಕೆ ಸೇರಿದ್ದೆ. “ಶನಿವಾರ ಡಲ್ಲಾಸ್ ಹತ್ರದ ಲಿಟಲ್ ಎಲ್ಮ್‌ಗೆ ಬಾ, ಹೆಣ್ಣು ನೋಡೋದಿದೆ” ಎಂದು ಫೋನ್ ಮಾಡಿದರು. ಮದುವೆಯಾಗದ ಹುಡುಗ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೋದೆ. ತೋರಿಸಿದ್ದು ಒಂದು ಹುಲ್ಲಿನ ಕೊಟ್ಟಿಗೆ, ಅದರೊಳಗೆ ಈ ಕಾರು, ಅದರ ಹಿಂದಿನ ಸೀಟಿನಲ್ಲಿ ಕಾವಿಗೆ ಕೂತ ಕೋಳಿಗಳು! ಹೊಸ ಮನೆಗಳ ಬಡಾವಣೆ ಬರುತ್ತಿತ್ತು, ಕೊಟ್ಟಿಗೆ ಬೀಳಿಸುವವರಿದ್ದರು. ಯಜಮಾನ ಕಾಸು ಕೇಳಲಿಲ್ಲ. ಕೋಳಿಗಳಿಗೆ ಬೇರೆ ಗೂಡು ಮಾಡಿಕೊಟ್ಟು ಗಾಡಿ ಒಯ್ಯಿರಿ ಎಂದ. ಭಾವ ನಕ್ಷೆ ಬರೆದು, ಗಾಳಿಯ ದಿಕ್ಕು ನೋಡಿ, ಎರಡು ವಾರಾಂತ್ಯ ಕೂತು ಗೂಡು ಕಟ್ಟಿದರು. ಬಾಹ್ಯಾಕಾಶದ ಎಂಜಿನಿಯರ್ ಕಟ್ಟಿದ ಗೂಡಿನಲ್ಲಿ ಮೊಟ್ಟೆಯಿಟ್ಟ ಕೋಳಿಗಳು ಜಗತ್ತಿನಲ್ಲಿ ಬೇರೆಲ್ಲಿದ್ದಾವು?

ಇನ್ನು ವಿಷಯಕ್ಕೆ ಬರುತ್ತೇನೆ. ಆ ಕಂಪನಿಯ ಕಾರುಗಳನ್ನು ಪ್ರೀತಿಸುವವರದೊಂದು ಸಣ್ಣ ಸಂಘವಿತ್ತು. ಅವರ ಪುಸ್ತಕದಲ್ಲಿ ಎರಡು ಪಟ್ಟಿ: ಒಂದು ಬದುಕಿರುವ ಗಾಡಿಗಳದು, ಇನ್ನೊಂದು ದೇಹ ಮಾತ್ರ ಉಳಿದ ಗಾಡಿಗಳದು. ಮೊದಲನೆಯ ಪಟ್ಟಿ ಬೆರಳೆಣಿಕೆಯದು. ಅದಕ್ಕೆ ಸೇರಬೇಕಾದರೆ ಗಾಡಿ ತನ್ನದೇ ಎಂಜಿನ್ನಿನಿಂದ ತನ್ನ ಉದ್ದದಷ್ಟಾದರೂ ಚಲಿಸಬೇಕು. ಇಬ್ಬರು ಕಣ್ಣಾರೆ ನೋಡಿ, ತಾವು ಎಲ್ಲಿ ನಿಂತಿದ್ದೆವು, ಯಾವಾಗ, ಏನು ಕಂಡೆವು ಎಂದು ಬರೆದು ಸಹಿ ಹಾಕಬೇಕು. ನಮ್ಮ ಗಾಡಿಯ ಉದ್ದ ಹನ್ನೊಂದು ಅಡಿ ಎಂಟು ಇಂಚು. ಆ ಹನ್ನೊಂದು ಅಡಿ ಎಂಟು ಇಂಚಿಗಾಗಿ ಭಾವ ಐದು ವರ್ಷ ಕೆಲಸ ಮಾಡಿದರು.

ಒಮ್ಮೆ ನಾನು ಹ್ಯಾಂಡಲ್ ತಿರುಗಿಸಿ ನೋಡಿದೆ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇಡಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ. ಭಾವ ಇದನ್ನು ನೂರು ಸಲ ಹೇಳಿದ್ದರು. ನಾನು ಸುತ್ತಿ ಹಿಡಿದೆ. ಆರು ವಾರ ಪಟ್ಟಿ ಕಟ್ಟಿಕೊಂಡು ಎಡಗೈಯಲ್ಲಿ ಟೈಪ್ ಮಾಡಿದೆ.

ಆಮೇಲೆ ಭಾವನಿಗೆ ಹೃದಯದ ಆಪರೇಷನ್ ಆಯಿತು. ಡಾಕ್ಟರು ಧಾರವಾಡದವರು. “ಆ ಹ್ಯಾಂಡಲ್ ಮುಟ್ಟಬ್ಯಾಡ್ರಿ. ಅದು ಒಮ್ಮೆ ಒದ್ದರ ನಿಮ್ಮ ಎದಿ ತಡಿಯೂದಿಲ್ಲ.”

“ಎಡಗೈಯಲ್ಲಿ ತಿರುಗಿಸಿದ್ರೆ?”

“ಕೈ ಎರಡ ಅದಾವರೀ, ಎದಿ ಒಂದ ಅದ!”

ಅಂದು ಸಂಜೆಯೇ ಅಕ್ಕ ಹ್ಯಾಂಡಲನ್ನು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟಳು. “ಈ ಮನೆ ಗಂಡಸರು ಯಾರೂ ಇನ್ನು ಅದನ್ನ ಮುಟ್ಟಕೂಡ್ದು” ಎಂದು ಅಪ್ಪಣೆಯಾಯಿತು. ಭಾವ ಮನೆಯೆಲ್ಲ ಹುಡುಕಿದರು. ಅಡುಗೆಮನೆಯ ಕಡೆ ತಲೆ ಹಾಕಿದವರೇ ಅಲ್ಲ, ಅಕ್ಕಿ ಎಲ್ಲಿರುತ್ತದೆಂದು ತಿಳಿಯುವುದು ಹೇಗೆ? ಕೊನೆಗೆ ಹುಡುಕುವುದನ್ನು ಬಿಟ್ಟು ಆಯುಧಪೂಜೆಗೆ ಕಾದರು. ಮನೆಯ ಸುತ್ತಿಗೆ, ಸ್ಪ್ಯಾನರು, ಕಂಪ್ಯೂಟರು ಎಲ್ಲವನ್ನೂ ದೇವರ ಮುಂದೆ ಜೋಡಿಸಿ, ಕೈಮುಗಿದು, ಮೆಲ್ಲಗೆ ಹೇಳಿದರು:

“ಒಂದು ಆಯುಧ ಕಮ್ಮಿ ಇದೆಯಲ್ಲ ಕಣೇ. ಇವತ್ತು ಬಿಟ್ಟುಬಿಟ್ರೆ ಒಳ್ಳೇದಲ್ಲ.”

ಅಕ್ಕ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ, ಅಕ್ಕಿ ಕೊಡವಿ, ಹ್ಯಾಂಡಲ್ ತಂದು, ಅರಿಶಿನ ಕುಂಕುಮ ಹಚ್ಚಿದಳು. “ಪೂಜೆಗಿಟ್ಟಿದ್ದನ್ನ ಇವತ್ತು ಎತ್ತೋ ಹಾಗಿಲ್ಲ, ನೆನಪಿರ್ಲಿ.”

“ನಾಳೆ ಎತ್ತಬಹುದಲ್ಲ” ಎಂದರು ಭಾವ.

ಮರುದಿನ ಬೆಳಗ್ಗೆ ಭಾವ ಎದ್ದು ಬರುವ ಹೊತ್ತಿಗೆ ದೇವರ ಮುಂದೆ ಹ್ಯಾಂಡಲ್ ಇರಲಿಲ್ಲ. ಹೊರಗೆ ಹೋದೆವು. ಹಿಂದಿನ ದಿನ ನಾವೇ ಹಿಂದಕ್ಕೆ ತಳ್ಳಿ ಡ್ರೈವ್‌ವೇಯಲ್ಲಿ ನಿಲ್ಲಿಸಿದ್ದ ಗಾಡಿಯ ಮೂತಿ ಗ್ಯಾರೇಜಿನ ಮುಚ್ಚಿದ ಬಾಗಿಲ ಕಡೆಗಿತ್ತು. ಮೂತಿಗೂ ಬಾಗಿಲಿಗೂ ನಡುವೆ ಒಂಬತ್ತು ಅಡಿ. ಎಂಜಿನ್ ಹತ್ತಿದ ಮೇಲೆ ಹಿಂದಕ್ಕೆ, ಬೀದಿಯ ಕಡೆಗೆ ಓಡಿಸುವ ಲೆಕ್ಕ. ಅಲ್ಲಿ ಅಕ್ಕ, ಸೆರಗು ಸಿಕ್ಕಿಸಿಕೊಂಡು, ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತಿದ್ದಳು.

“ನೀವು ಹತ್ತಿ ಕೂತ್ಕೊಳ್ಳಿ. ನಾನು ತಿರುಗಿಸ್ತೀನಿ. ನಾನು ಗಂಡಸಲ್ವಲ್ಲ.”

ಭಾವ ಏನೋ ಹೇಳಲು ಹೋದರು. ಅಕ್ಕ ಕೇಳಲಿಲ್ಲ. ಅವರು ಹತ್ತಿ ಕೂತರು.

ಮುಂದಿನದಕ್ಕೆ ಕಾರಣ ನಾನು. ಆ ಕಂಪನಿಯ ಗಾಡಿಗಳಿಗೆಲ್ಲ ಒಂದು ಚಾಳಿ: ಎಂಜಿನ್ ಹತ್ತಿಕೊಂಡ ಕೂಡಲೆ ಕ್ಲಚ್ಚಿನೊಳಗಿನ ಗಟ್ಟಿ ಎಣ್ಣೆ ಹಿಡಿದುಕೊಂಡು ಗಾಡಿ ತಾನಾಗಿ ಮುಂದೆ ತೆವಳುತ್ತದೆ. ಅದಕ್ಕೇ ಚಕ್ರಗಳ ಮುಂದೆ ಯಾವಾಗಲೂ ಮರದ ತುಂಡುಗಳಿರುತ್ತಿದ್ದವು. ಅಂದು ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ನನ್ನದು. ಮರದ ತುಂಡು ಇದ್ದಲ್ಲಿ ನಿಂಬೆಹಣ್ಣು ಕೂರಲಿಲ್ಲ. ತುಂಡುಗಳನ್ನು ತೆಗೆದು ಹುಲ್ಲಿನ ಮೇಲಿಟ್ಟು, ನಿಂಬೆಹಣ್ಣುಗಳನ್ನು ನೀಟಾಗಿ ಇಟ್ಟು, ನಲ್ಲಿಯ ಪಕ್ಕ ಹೋಗಿ ನಿಂತೆ. ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಅಕ್ಕ ಬಾಗಿದಳು. ಮೊದಲ ಸಲ ಎಂಜಿನ್ ಕೆಮ್ಮಿತು. ಎರಡನೆಯ ಸಲ ಏನೂ ಇಲ್ಲ. ಮೂರನೆಯ ಸಲ ಹತ್ತಿಕೊಂಡಿತು. ಇಡೀ ಬೀದಿಗೆ ಕೇಳಿಸುವ ಶಬ್ದ. ಅಕ್ಕ ಹ್ಯಾಂಡಲ್ ಕಿತ್ತುಕೊಂಡು ನೆಟ್ಟಗಾದಳು, ನಕ್ಕಳು. ಆಗ ನಿಂಬೆಹಣ್ಣುಗಳು ಒಡೆದವು.

ಗಾಡಿ ಮುಂದೆ ಬಂತು. ಅಕ್ಕ ಹಿಂದೆ ಸರಿದಳು. ಪಕ್ಕಕ್ಕೆ ಸರಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳು ನೇರ ಹಿಂದಕ್ಕೇ ಹೋದಳು. ಬೆನ್ನು ಬಾಗಿಲಿಗೆ ತಾಗಿದ ಸದ್ದು ನನಗೆ ಕೇಳಿಸಿತು. ಆರು ಅಡಿ ದೂರದಲ್ಲಿದ್ದ ನಾನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಇದನ್ನೂ ಬರೆಯಬೇಕು. ಭಾವ ಬ್ರೇಕ್ ಎಳೆದರು, ಅದು ಹಿಡಿಯಲಿಲ್ಲ. ಎಂಜಿನ್ ಆರಿಸಿಬಿಟ್ಟರು. ಐದು ವರ್ಷ ಕಾದು ಹೊತ್ತಿಸಿದ ಎಂಜಿನ್ ಓಡಿದ್ದು, ನನ್ನ ಅಂದಾಜಿನಲ್ಲಿ, ಹನ್ನೊಂದು ಸೆಕೆಂಡು.

ಭಾವ ಇಳಿದು ಬಂದರು. ಅವರ ಬಾಯಿಂದ ಬಂದ ಮೊದಲ ಮಾತು: “ಹೆಬ್ಬೆರಳು ಎಲ್ಲಿತ್ತು?”

“ನಾಲ್ಕು ಬೆರಳಿನ ಪಕ್ಕದಲ್ಲೇ ಇತ್ತು ಕಣ್ರೀ. ಐದು ವರ್ಷದಿಂದ ಹೇಳ್ತಾನೇ ಇದೀರಲ್ಲ, ನಂಗೇನು ಕಿವಿ ಇಲ್ವಾ?”

ಮರದ ತುಂಡುಗಳ ವಿಷಯ ನಾನು ಆಗಲೇ ಅಲ್ಲೇ ಹೇಳಿದೆ. ಇಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟೇಪು ತಂದು ಅಳೆದೆ, ಬೇರೇನು ಮಾಡಬೇಕೆಂದು ತೋಚದೆ. ಗಾಡಿ ಚಲಿಸಿದ್ದು ಏಳು ಅಡಿ ಎರಡು ಇಂಚು. ಅಕ್ಕನ ಮುಂದೆ ಉಳಿದದ್ದು ಒಂದು ಅಡಿ ಹತ್ತು ಇಂಚು.

ಪಕ್ಕದ ಮನೆಯ ಮುದುಕ ವೇಯ್ನ್ ಬೇಲಿಯ ಆಚೆಯಿಂದ ಎಲ್ಲ ನೋಡಿದ್ದ. ಸಂಘದ ನಿಯಮ ಅವನಿಗೂ ಬಾಯಿಪಾಠ. ಬೇಲಿ ದಾಟಿ ಬಂದು, ಹನ್ನೆರಡು ಅಡಿ ಓಡಿದ್ದನ್ನು ನಾನು ನೋಡಿದೆ, ಕಾಗದ ಕೊಡಿ, ಸಹಿ ಹಾಕುತ್ತೇನೆ ಎಂದ. ಭಾವ ಬೇಡವೆಂದು ತಲೆಯಾಡಿಸಿದರು.

“ಇನ್ನೊಂದ್ಸಲ ತಿರುಗಿಸ್ಲಾ? ಹಿಂದಕ್ಕೆ ತಳ್ಳಿ, ತುಂಡು ಕೊಟ್ಟು?” ಎಂದು ಅಕ್ಕ ಕೇಳಿದಳು. ಅವಳ ಬೆನ್ನು ಇನ್ನೂ ಬಾಗಿಲಿಗೆ ಆನಿಕೊಂಡೇ ಇತ್ತು. ಆದರೂ ಕೇಳಿದಳು.

ಭಾವ ಅವಳ ಕೈಯಿಂದ ಹ್ಯಾಂಡಲ್ ಬಿಡಿಸಿಕೊಂಡು ವೇಯ್ನ್‌ಗೆ ಕೊಟ್ಟರು. ಇದು ನಿನ್ನ ಮನೆಯಲ್ಲಿರಲಿ, ನಾನೇ ಬಂದು ಕೇಳಿದರೂ ಕೊಡಬೇಡ ಎಂದರು. ನನ್ನ ಕಡೆ ತಿರುಗಿ, “ಏಳು ಅಡಿ ಎರಡು ಇಂಚು ಅಂತಾನೇ ಬರಿಯಯ್ಯಾ” ಎಂದರು. ಹಾಗೇ ಬರೆದೆ. ನಮ್ಮ ಗಾಡಿ ಸಂಘದ ಪುಸ್ತಕದಲ್ಲಿ ಇವತ್ತಿಗೂ ಎರಡನೆಯ ಪಟ್ಟಿಯಲ್ಲಿದೆ. ಭಾವ ಆ ಹ್ಯಾಂಡಲನ್ನು ಮತ್ತೆಂದೂ ಕೇಳಲಿಲ್ಲ.

ಭಾವ ಈಗಿಲ್ಲ. ವೇಯ್ನ್ ಅವರಿಗಿಂತ ಒಂದು ವರ್ಷ ಮೊದಲೇ ಹೋದ. ಕಂಡವರಲ್ಲಿ ನನ್ನನ್ನು ಬಿಟ್ಟರೆ ಉಳಿದವರು ಇಬ್ಬರು. ಮೇಘನಾ ಕ್ಯಾಮೆರಾ ಹಿಡಿದು ವರಾಂಡದ ಮೆಟ್ಟಿಲ ಮೇಲೆ ನಿಂತಿದ್ದಳು. ಒತ್ತಲು ಮರೆತಳು, ಆದ್ದರಿಂದ ಫೋಟೋ ಇಲ್ಲ. ಈಗ ಸೌತ್‌ಲೇಕ್‌ನಲ್ಲಿದ್ದಾಳೆ. ಕೇಳಿದರೆ, “ಐ ಸಾ ಇಟ್, ಮಾಮ. ಇಟ್ ಮೂವ್ಡ್” ಅನ್ನುತ್ತಾಳೆ. ಇನ್ನೊಬ್ಬಳು ಅಕ್ಕ, ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು, ಕ್ಲಿಯರ್ ಲೇಕಿನ ಅದೇ ಮನೆಯಲ್ಲಿದ್ದಾಳೆ. ಇದನ್ನು ಬರೆದು ಅವಳಿಗೆ ಓದಿ ಹೇಳಿದೆ, ಅಳತೆಯೆಲ್ಲ ಸರಿಯಿದೆಯೇ ಎಂದು ಕೇಳಿದೆ.

“ಅಳತೆ ನಂಗೇನು ಗೊತ್ತೋ?” ಎಂದಳು. “ನಾನು ಗಾಡಿ ಕಡೆ ನೋಡ್ಲೇ ಇಲ್ಲ. ಅವರ ಮುಖ ನೋಡ್ತಿದ್ದೆ.”