‘ಮಾಡಬೇಕಿತ್ತು’ ಎನ್ನುವಷ್ಟು ಫಾರ್ಸಿ

ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಆದರೂ ಭಾಷೆಗಳು ಮೀನಿನ ಬುಟ್ಟಿಯ ಹಿಂದೆ ಬೆಕ್ಕು ಬಂದ ಹಾಗೆ ನನ್ನ ಹಿಂದೆ ಬರುತ್ತವೆ. ಸೌದಿಯ ಗುಡ್ಡದೂರು ಖಮೀಸ್ ಮುಶೈತಿಗೆ ಬಂದ ಮೇಲೆ ಇದೇ ಕಥೆ. ಈ ಸಲ ಬಂದದ್ದು ಫಾರ್ಸಿ, ಅದೂ ಮೊಮ್ಮಗಳ ಮದುವೆಗೆ ರಜೆ ಸಿಗದೆ ಒದ್ದಾಡುವ ಹೊತ್ತಿಗೆ. ಕೇಳಿದಾಗಲೆಲ್ಲ ಕಫೀಲ್, ಅಂದರೆ ನಾನು ಕೆಲಸಕ್ಕಿರುವ ಮನೆಯ ಧಣಿ, “ನೀನು ಹೋದರೆ ಇಲ್ಲಿ ಕೆಲಸ ಯಾರು ನೋಡುವುದು?” ಎನ್ನುತ್ತಿದ್ದ. ನಾನಿಲ್ಲದೆ ಆ ಮನೆಯಲ್ಲಿ ದೀಪವೂ ಉರಿಯುವುದಿಲ್ಲ ಎಂದು ಅವನಿಗೆ ಹೇಳಿಟ್ಟವನೂ ನಾನೇ.

ತಂದೂರಿನ ಪಾಠ

ನಮ್ಮ ಕೋಣೆಯ ಕೆಳಗೆ ಫಾರ್ಸಿ ಮಾತಾಡುವ ಒಬ್ಬ ಅಫ್ಘಾನಿಯ ರೊಟ್ಟಿ ಅಂಗಡಿ. ಅವನ ರೊಟ್ಟಿ ಎಷ್ಟು ಅಗಲವೆಂದರೆ, ಚಳಿಗೆ ಅದನ್ನೇ ಹೊದ್ದು ಮಲಗಿ, ಬೆಳಿಗ್ಗೆ ಚಹಾಕ್ಕೆ ಅದ್ದಿ ತಿಂದವ ನಾನು. ಅವನು ಚಹಾಕ್ಕೆ ಕರೆಯುವುದು, ನಾನು ಮರೆಯುವುದು. ಕೊನೆಗೆ ಅವನೇ ಕಲಿಸಿದ:

“ಕಾಕಾ, ‘ಬಾಯದ್ ಮೀಆಮದಮ್’ ಅನ್ನಿ. ಬರಬೇಕಿತ್ತು, ಬರಲಿಲ್ಲ ಅಂತ.”

ಮುಂದೆ ‘ಬಾಯದ್’, ಹಿಂದೆ ಮಾಡದ ಕೆಲಸ. ತರಬೇಕಿತ್ತು, ಬೇಯಿಸಬೇಕಿತ್ತು, ಎಲ್ಲ ನೀರು ಕುಡಿದ ಹಾಗೆ ಬಂತು.

“ಮಾಡಿದ ಕೆಲಸವನ್ನು ಹೇಳುವುದು ಹೇಗೆ?”

“ಅದು ನಿಮಗೆ ಬೇಕಾಗುವುದಿಲ್ಲ ಕಾಕಾ.”

ಮೀನಿಲ್ಲದ ಸಾರು

ನನ್ನ ಜೊತೆ ಇರುವ ಕುಂದಾಪುರದವ ಮಸಾಲೆ ಅರೆದು ಕಾಯುತ್ತಿದ್ದ. ಮೀನು ತರುವುದು ನನ್ನ ಪಾಲು. ಬರಿಗೈಯಲ್ಲಿ ಹೋಗಿ, ತರಬೇಕಿತ್ತು ಎಂದು ಗತ್ತಿನಿಂದ ಫಾರ್ಸಿಯಲ್ಲಿ ಹೇಳಿದೆ. ಕನ್ನಡದಲ್ಲಿ ಅರ್ಥವನ್ನೂ ಬಿಡಿಸಿದೆ.

“ಎಂತ ಮಾರಾಯ್ರೆ, ಫಾರ್ಸಿಯಲ್ಲಿ ಹೇಳಿದರೆ ಮೀನು ಸಾರಿಗೆ ಬಂದು ಬೀಳುತ್ತದಾ?” ಎಂದು ಬರೀ ಸಾರು ಬಡಿಸಿದ. “ಮುಳ್ಳಿಲ್ಲ, ಧೈರ್ಯದಲ್ಲಿ ಉಣ್ಣಿ.”

ಧಣಿಯ ಅತಿಥಿ

ಜಿದ್ದಾದಿಂದ ಧಣಿಯ ಮನೆಗೆ ಒಬ್ಬ ಅಫ್ಘಾನಿ ರತ್ನಗಂಬಳಿ ವ್ಯಾಪಾರಿ ಬರುವವನಿದ್ದ. ಬಸ್‌ಸ್ಟ್ಯಾಂಡಿನಿಂದ ಅವನನ್ನು ಕರೆತರಬೇಕಾದವ ನಾನು, ರೊಟ್ಟಿ ಅಂಗಡಿಯಲ್ಲಿ ಕಥೆ ಹೇಳುತ್ತ ಕೂತುಬಿಟ್ಟೆ. ಅವನು ಟ್ಯಾಕ್ಸಿ ಹಿಡಿದು, ಮುಖ ಕೆಂಪು ಮಾಡಿಕೊಂಡು ಬಂದ. ಧಣಿ ನನ್ನತ್ತ ತಿರುಗಿ, “ಫಾರ್ಸಿ ಬರುತ್ತದೆ ಅಂದೆಯಲ್ಲ, ಸಮಾಧಾನ ಮಾಡು. ಅವನು ಸಿಟ್ಟಿನಲ್ಲಿ ಹೋದರೆ ರಜೆಯ ಮಾತೇ ಎತ್ತಬೇಡ” ಎಂದ.

ಎದೆಯ ಮೇಲೆ ಕೈಯಿಟ್ಟು ಬಗ್ಗಿದೆ. ಬರಬೇಕಿತ್ತು, ಎಂದೆ. ಅವನ ಹುಬ್ಬು ಇಳಿಯಿತು. ಚಹಾ ತರಬೇಕಿತ್ತು, ಎಂದೆ. ಮೀಸೆ ಅಲುಗಿತು. ಊಟ ಬೇಯಿಸಬೇಕಿತ್ತು, ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕವನು, ಹರಕು ಅರಬಿಯಲ್ಲಿ ಧಣಿಗೆ ಹೇಳಿದ:

“ಇಷ್ಟು ಮರ್ಯಾದಸ್ಥನನ್ನು ನಾನು ಕಂಡಿಲ್ಲ. ಬರಲಿಲ್ಲ, ಚಹಾ ತರಲಿಲ್ಲ, ಊಟ ಬೇಯಿಸಲಿಲ್ಲ. ಎಲ್ಲ ಅವನೇ ಹೇಳಿದ. ಹಾಗಾದರೆ ನಿಮ್ಮಲ್ಲಿ ಇವನಿಗೆ ಕೆಲಸ ಎಂತದು?”

ಧಣಿ ಗಡ್ಡ ನೀವಿಕೊಂಡು ನನ್ನತ್ತ ತಿರುಗಿದ.

“ಯಲ್ಲಾ, ನಡೆ, ಮದುವೆಗೆ ಹೋಗಿ ಬಾ. ನೀನು ಹೋದದ್ದು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.”