ಸೀಟು ಹಿಡಿದ ರುಮಾಲು

ಅಣ್ಣನ ಮದುವೆಯ ರುಮಾಲನ್ನು ನಾನು ಕಳೆದೆ ಎಂಬುದು ಮನೆಯವರ ವಾದ. ನಾನು ಒಪ್ಪುವುದಿಲ್ಲ. ಕಳೆದ ವಸ್ತು ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ನಮ್ಮ ರುಮಾಲು ಎಲ್ಲಿತ್ತೆಂದು ಇಡೀ ಹಾನಗಲ್ಲಿಗೆ ಗೊತ್ತಿತ್ತು!

ಮದುವೆ ಸವಣೂರಿನಲ್ಲಿ. ಮನೆಯವರೆಲ್ಲ ಹಿಂದಿನ ದಿನವೇ ಹೋಗಿದ್ದರು. ಶಾಲೆಯ ಚರ್ಚಾಸ್ಪರ್ಧೆಗಾಗಿ ನಾನು ಆಡೂರಿನಲ್ಲಿ ಉಳಿದಿದ್ದೆ. ನನ್ನನ್ನು ಕರೆದೊಯ್ಯಲು ದೊಡ್ಡಪ್ಪ. ಆಗ ನನಗೆ ಮೀಸೆ ಬಂದಿರಲಿಲ್ಲ, ಬಹುಮಾನ ಬಂದಿತ್ತು. ಬೆಳಿಗ್ಗೆ ನೋಡಿದರೆ ಅಜ್ಜನ ಜರಿ ರುಮಾಲು ಗೂಟದ ಮೇಲೇ ಕೂತಿದೆ! ಅದು ಮದುಮಗನ ತಲೆಯ ಮೇಲಿಲ್ಲದೆ ಅಕ್ಕಿಕಾಳು ಬೀಳಕೂಡದೆಂದು ಅಪ್ಪನ ಶಾಸನ. ನಮ್ಮೂರಿನ ಕಲ್ಲಿನ ಶಾಸನಗಳಾದರೂ ಸವೆದಿವೆ, ಅಪ್ಪನದು ಸವೆಯುವುದಿಲ್ಲ.

ರುಮಾಲು ಹಿಡಿದು ಹೊರಟೆವು. ಹಾನಗಲ್ಲಿನಲ್ಲಿ ಶಿಗ್ಗಾಂವದ ಬಸ್ಸಿಗೆ ಬದಲಿಸಬೇಕು, ಸವಣೂರಿನ ದಾರಿ ಅದೇ. ಕಿಟಕಿಯಿಂದ ಬಟ್ಟೆ ಎಸೆದವನಿಗೇ ಸೀಟು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದರು.

“ಅದನ್ಯಾರು ಲೆಕ್ಕಕ್ಕ ಹಿಡೀತಾರ್ರಿ? ಬಾಜೂಕ ಸರಿಸಿ ಕುಂದರ್ತಾರ! ಹಿರ್ಯಾರ ರುಮಾಲಾದ್ರ ಯಾರೂ ಮುಟ್ಟಂಗಿಲ್ಲ!” ಎಂದೆ. ನಿಂತಿದ್ದ ಬಸ್ಸಿನ ಕಿಟಕಿಯೊಳಗೆ ರುಮಾಲನ್ನೇ ಇಟ್ಟುಬಿಟ್ಟೆ.

ಬುಟ್ಟಿ ಹೊತ್ತ ಮುದುಕಿಯೊಬ್ಬಳು, “ಏ ತಮ್ಮಾ, ಇದು ಹಿರೇಕೆರೂರಿಗೆ ಹೊಕ್ಕೈತಿ,” ಎಂದಳು.

“ಶಿಗ್ಗಾಂವ ಯಾವ ದಿಕ್ಕಿಗೈತಬೇ? ಉತ್ತರಕ್ಕ. ಬಸ್ಸಿನ ಮಾರಿ ಎತ್ತಾಗೈತಿ? ಉತ್ತರಕ್ಕ. ಮತ್ತ?”

“ನಿನ್ನ ಮಾರಿ ನನ್ನ ಕಡೆ ಐತಿ. ನಮ್ಮನಿಗೆ ಬರ್ತಿ ಏನು?”

ಜನ ನಕ್ಕರು. ದೊಡ್ಡಪ್ಪನೂ ನಕ್ಕರು. ಪ್ರತಿವಾದಿಗೆ ಉತ್ತರ ಕೊಡದೆ ಬಿಡುವವನು ನಾನಲ್ಲ. ಖಂಡಿಸಲು ನಿಂತೆ. ನನ್ನ ಖಂಡನೆ ರಂಗೇರುವಷ್ಟರಲ್ಲಿ ಬಸ್ಸು ಹಿಂದೆ ಸರಿಯಿತು, ತಿರುಗಿತು, ದಕ್ಷಿಣಕ್ಕೆ ಓಡಿತು!

“ನಿಂದರಸ್ರೀ! ಮದುವಿ ಐತ್ರೀ!”

ಕಿಟಕಿಯಲ್ಲಿ ಜರಿ ಒಮ್ಮೆ ಮಿಂಚಿತು. ಆಮೇಲೆ ಬರೀ ಧೂಳು.

ಶಿಗ್ಗಾಂವದ ಬಸ್ಸಿನಲ್ಲಿ ನಿಂತೇ ಹೋದೆವು. ಪ್ರತಿ ನಿಲ್ದಾಣದಲ್ಲೂ ಅದು ಮದುಮಗನಂತೆ ನಾಚುತ್ತ ನಿಂತಿತು. ಸವಣೂರು ಮುಟ್ಟಿದಾಗ ಅಕ್ಕಿಕಾಳು ಜನರ ಮುಷ್ಟಿಯಲ್ಲಿತ್ತು.

“ರುಮಾಲೆಲ್ಲಿ?” ಅಪ್ಪ ಕೇಳಿದರು.

“ಹಿರೇಕೆರೂರಿಗೆ ಹೋಗೈತ್ರಿ.”

ದೊಡ್ಡಪ್ಪ ತಮ್ಮ ತಲೆಯ ಮೇಲಿನ ಮಾಸಿದ ರುಮಾಲನ್ನೇ ತೆಗೆದು ಅಣ್ಣನ ತಲೆಗಿಟ್ಟರು. ಅದು ಮೂಗಿನವರೆಗೆ ಇಳಿಯಿತು. ಅಣ್ಣ ಅತ್ತಿಗೆಯ ಮುಖ ನೋಡಿದ್ದು ಊಟಕ್ಕೆ ಕೂತಾಗ!

ಮರಳುವಾಗ ಹಾನಗಲ್ಲಿನಲ್ಲಿ ಅದೇ ಬಸ್ಸಿನ ಕಂಡಕ್ಟರು ರುಮಾಲು ಕೊಟ್ಟ. “ಬಸ್ ತುಂಬಿ ಮಂದಿ ನಿಂತಿದ್ರರಿ. ಆದ್ರ ಹಿರ್ಯಾರ ರುಮಾಲಿನ ಬಾಜೂಕ ಸೈತ ಯಾರೂ ಕುಂದರಲಿಲ್ಲ.”

ನನ್ನ ವಾದ ಗೆದ್ದಿತ್ತು! ರುಮಾಲು ಕೂತು ಹೋಗಿತ್ತು. ನಾವು ನಿಂತು ಹೋಗಿದ್ದೆವು.

ಒಂದೇ ಸಂಶಯ ಉಳಿದಿದೆ. ಬಸ್ಸಿನ ಹಣೆಯ ಬೋರ್ಡನ್ನು ನಾನು ನೋಡಿರಲಿಲ್ಲ. ವಾದಕ್ಕೆ ಅದರ ಅಗತ್ಯ ಬೀಳಲಿಲ್ಲ. ಆದರೆ ಓದುಬರಹ ಬಲ್ಲ ದೊಡ್ಡಪ್ಪ ಅದರ ಎದುರಿಗೇ ನಿಂತಿದ್ದರು. ಇಂದಿಗೂ ಕೇಳುತ್ತಿದ್ದೇನೆ:

“ದೊಡ್ಡಪ್ಪಾ, ಖರೇ ಹೇಳ್ರಿ. ಆವತ್ತ ನೀವು ನಕ್ಕಿದ್ದು ಬೋರ್ಡ್ ಓದೋಕಿಂತ ಮೊದಲೋ, ಓದಿದ ಮ್ಯಾಲೋ?”